ಹೆಚ್ಚಾದ ಅಕ್ಕಿ



ಕಳೆದ ತಿಂಗಳು ಮುಳ್ಳೂರಿನ ಮನೆಯೊಂದರ ಜಗುಲಿಯಲ್ಲಿ ಕುಳಿತು ಒಂದು ಪುಟ ಬರೆದುಕೊಟ್ಟೆ. ಬರೆದದ್ದು ನಾನು, ಹೆಸರು ಮಾತ್ರ ಆ ಮನೆಯ ಮಗಳದು. ಅವಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪದವಿ ಮಾಡಬೇಕೆಂಬುದು ಅವಳ ಆಸೆ. ಅಲ್ಲಿ ಪ್ರವೇಶ ಪರೀಕ್ಷೆ ಇದೆ, ಸಂದರ್ಶನವಿದೆ. ಮನೆಯ ಆದಾಯ ನೋಡಿ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತಾರೆ. ಆ ಒಂದು ಮಾತು ಇಲ್ಲದಿದ್ದರೆ ಅವಳ ತಂದೆ ಅರ್ಜಿಯ ಸುದ್ದಿಯನ್ನೇ ಕೇಳುತ್ತಿರಲಿಲ್ಲ. ಕೊಳ್ಳೇಗಾಲದಲ್ಲೇ ಮಹದೇಶ್ವರ ಕಾಲೇಜಿದೆಯಲ್ಲ ಎಂಬುದು ಅವರ ಮಾತು. ಅದರಲ್ಲಿ ತಪ್ಪೇನೂ ಇಲ್ಲ. ಅಲ್ಲಿ ಓದಿ ಬೆಳೆದವರು ನಮ್ಮಲ್ಲಿ ಎಷ್ಟೋ ಮಂದಿ.

‘ನಾನೇಕೆ ಇದನ್ನು ಓದಬೇಕು’ ಎಂದು ಒಂದು ಪುಟ ಬರೆದಿಟ್ಟುಕೋ, ಸಂದರ್ಶನದಲ್ಲಿ ಕೇಳುವುದು ಅದನ್ನೇ ಎಂದು ಉಪನ್ಯಾಸಕರು ಅವಳಿಗೆ ಹೇಳಿದ್ದರು. ಪತ್ರಿಕೆ ನಡೆಸುವವನು ಎಂದು ನನ್ನ ಬಳಿ ಬಂದಳು. ನನಗೂ ಹುರುಪು ಬಂತು. ಬಾಲ್ಯದಿಂದಲೂ ದೇಶಸೇವೆಯ ಹಂಬಲ, ಬಸವತತ್ವದ ಪ್ರೇರಣೆ, ಸಮಸಮಾಜದ ಕನಸು ಎಂದೆಲ್ಲ ಸುರಿದೆ. ಇಂಥ ಸಾಲುಗಳು ನನ್ನ ಕೈಯಲ್ಲಿ ತಾವಾಗಿಯೇ ಇಳಿಯುತ್ತವೆ. ಇಪ್ಪತ್ತು ವರ್ಷದ ಅಭ್ಯಾಸ.

ಮಾರನೆಯ ದಿನ ಹಾಳೆ ಹಿಡಿದು ಮತ್ತೆ ಬಂದಳು. “ಇದ್ರಲ್ಲಿ ನಾನು ಎಲ್ಲೂ ಇಲ್ಲ ಸರ್” ಎಂದಳು.

ನನಗೆ ಆಯ್ದಕ್ಕಿ ಮಾರಯ್ಯನವರ ಮನೆಯ ಬಾಗಿಲು ನೆನಪಾಯಿತು. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಕಾಯಕದ್ದಲ್ಲ, ತೆಗೆದುಕೊಂಡ ಕಡೆಯೇ ಸುರಿದು ಬನ್ನಿ ಎಂದು ಲಕ್ಕಮ್ಮ ತಾಯಿ ಗಂಡನನ್ನು ಹಿಂದಕ್ಕೆ ಕಳಿಸಿದರು. ಈ ಕಥೆಯನ್ನು ನಾನು ಎಷ್ಟು ವೇದಿಕೆಗಳಲ್ಲಿ ಹೇಳಿಲ್ಲ! ಅಂದು ಹೆಚ್ಚಿನ ಅಕ್ಕಿ ತಂದವನು ನಾನೇ ಆಗಿದ್ದೆ.

ಹಾಗಾದರೆ ನಿನ್ನದೇನು ಹೇಳಮ್ಮ ಎಂದೆ. ಹೇಳಿದಳು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಮುಳ್ಳೂರು, ದಾಸನಪುರ, ಹಳೇ ಅಣಗಳ್ಳಿಯ ಕಡೆಯ ಜನರೆಲ್ಲ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದ್ದರು. ಆಗ ಅವಳು ಆರನೇ ತರಗತಿ. ನೀರು ಇಳಿದ ಮೇಲೆ ಬೆಳೆಹಾನಿ ಬರೆದುಕೊಳ್ಳಲು ಅಧಿಕಾರಿಗಳು ಬಂದರು. ಅವಳ ಮನೆಯವರು ಗುತ್ತಿಗೆಗೆ ಮಾಡಿದ್ದ ಗದ್ದೆಯ ಭತ್ತ ಕೊಳೆತಿತ್ತು. ಪರಿಹಾರದ ಹಣ ಮಾತ್ರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಯಿತು. ಸಾಲ ಮಾಡಿ ಬಿತ್ತಿದ ಅಜ್ಜಿಗೆ ಏನೂ ಬರಲಿಲ್ಲ. “ಬೆಳೆ ಯಾರದು, ನಷ್ಟ ಯಾರದು ಅಂತ ಕಾಗದಕ್ಕೆ ಗೊತ್ತಾಗಲ್ವಾ ಸರ್? ಅದನ್ನ ಓದ್ಬೇಕು ನಾನು.”

ಆ ಪಹಣಿಯಲ್ಲಿರುವ ಹೆಸರು ಯಾರದೆಂದು ನನಗೆ ಗೊತ್ತು. ಮಠದ ಜಾತ್ರೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು. ಆ ಭಾಗ ಬಿಟ್ಟುಬಿಡು ಎನ್ನಲು ಬಾಯಿ ತೆರೆದೆ, ಹೇಳಲಾಗಲಿಲ್ಲ. ಅವಳೇ ಬರೆದಳು, ತನಗೆ ಬರುವ ಸರಳ ಇಂಗ್ಲಿಷಿನಲ್ಲಿ. ಎರಡು ಕಡೆ ಕಾಗುಣಿತ ತಿದ್ದಿದೆ, ಅಷ್ಟೇ.

ನಾವು ನೆರವಾಗಬೇಕಾದ ಜಾಗ ಬೇರೆಯೇ ಇದೆ, ಅಲ್ಲಿ ನಾವು ಇಲ್ಲ. ಕಳೆದ ವರ್ಷ ಪಕ್ಕದ ಊರಿನ ಹುಡುಗನೊಬ್ಬನಿಗೆ ಒಂದು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಿಕ್ಕ ಸೀಟು ದಾಖಲೆ ಪರಿಶೀಲನೆಯ ದಿನ ಕೈತಪ್ಪಿತು. ತಾಲ್ಲೂಕು ಕಚೇರಿಯ 3ಬಿ ಪ್ರಮಾಣಪತ್ರವನ್ನು ನಂಬಿ ಅರ್ಜಿಯಲ್ಲಿ ಒಬಿಸಿ ಎಂದು ಗುರುತು ಹಾಕಿದ್ದ. 3ಬಿ ಎಂಬುದು ನಮ್ಮ ರಾಜ್ಯದ ಪಟ್ಟಿ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಲಿಂಗಾಯತರು ಒಟ್ಟಾಗಿ ಇಲ್ಲ, ಕೆಲವು ಒಳಪಂಗಡಗಳಷ್ಟೇ ಇವೆ. ಆ ಪಟ್ಟಿಯಲ್ಲಿ ಇಲ್ಲದವರು ನೋಡಬೇಕಾದದ್ದು 2019ರಲ್ಲಿ ಸಂವಿಧಾನದ 103ನೇ ತಿದ್ದುಪಡಿಯಿಂದ ಬಂದ, ಆರ್ಥಿಕವಾಗಿ ದುರ್ಬಲರಾದವರ ಶೇ. 10ರ ಮೀಸಲಾತಿಯನ್ನು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ, ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. ಮನೆ, ನಿವೇಶನಕ್ಕೂ ಮಿತಿಗಳಿವೆ. ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ, ಆ ಸಾಲಿನದೇ ಆಗಿರಬೇಕು. (ಜಾತಿ, ಧರ್ಮದ ಕಾಲಂಗಳ ಬಗ್ಗೆ ಈ ಪತ್ರಿಕೆಯಲ್ಲಿ ಎಷ್ಟೋ ಸಲ ಜಗಳವಾಡಿದ್ದೇವೆ. ಆ ಜಗಳದಲ್ಲಿ ಮಕ್ಕಳ ಸೀಟು ಹೋಗುವುದು ಬೇಡ.)

ಇನ್ನೂ ಸಣ್ಣ ಸಂಗತಿಗಳು ದೊಡ್ಡ ತೊಂದರೆ ಕೊಡುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು. ಕಂಪ್ಯೂಟರಿಗೆ ಇಬ್ಬರೂ ಬೇರೆ ಬೇರೆ ಮನುಷ್ಯರು. ಸೈಬರ್ ಸೆಂಟರಿನವನ ಮೊಬೈಲ್ ನಂಬರ್ ಕೊಟ್ಟು ಆಮೇಲೆ ಓಟಿಪಿಗಾಗಿ ಅವನ ಅಂಗಡಿ ಮುಂದೆ ಕಾಯುವುದು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ನಡೆಯುತ್ತಿರುವ ಸಿಯುಇಟಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದೆಂಬುದು ಕನ್ನಡ ಮಾಧ್ಯಮದ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಸುತ್ತೂರಿನ ಪೂಜ್ಯ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದಾಗ ಹಳ್ಳಿ ಹುಡುಗರಿಗೆ ಅಡ್ಡಿಯಾಗಿದ್ದದ್ದು ಅನ್ನ, ನೆರಳು. ಪೂಜ್ಯರು ಮೊದಲು ಅದನ್ನೇ ಕೊಟ್ಟರು. ಇಂದು ಅಡ್ಡಿಯಾಗಿರುವುದು ಈ ಕಾಗದಗಳು. ನಮ್ಮ ಮಠಗಳಲ್ಲಿ ಕಂಪ್ಯೂಟರ್ ಇದೆ, ಪ್ರಿಂಟರ್ ಇದೆ, ಜಾತ್ರೆಯ ಆಮಂತ್ರಣ ಬಣ್ಣಬಣ್ಣವಾಗಿ ಅಚ್ಚಾಗುತ್ತದೆ. ಅರ್ಜಿಗಳ ಕಾಲದಲ್ಲಿ ವಾರಕ್ಕೆ ಎರಡು ಸಂಜೆ, ತಿಳಿದ ಒಬ್ಬ ನಿವೃತ್ತ ಮೇಷ್ಟ್ರು ಅಲ್ಲಿ ಕುಳಿತರೆ ಸಾಕು. ಯಾವ ಜಾತಿಯ ಮಗು ಬಂದರೂ ಕಾಗದ ನೋಡಿಕೊಡಲಿ. ‘ನನ್ನ ಬಗ್ಗೆ’ ಎಂಬ ಪುಟವನ್ನು ಮಾತ್ರ ಮಗುವೇ ಬರೆಯಲಿ.

ಮುಳ್ಳೂರಿನ ಅರ್ಜಿ ಹೋಗಿದೆ. ಅವಳು ಬರೆದದ್ದನ್ನು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿದಳಂತೆ. ತಂದೆ ಆ ಬಗ್ಗೆ ಏನೂ ಮಾತಾಡಿಲ್ಲ. ಮೊನ್ನೆ ಸಂತೆಯಲ್ಲಿ ಸಿಕ್ಕಾಗ, ಸಂದರ್ಶನಕ್ಕೆ ಕರೆದರೆ ಕೊಳ್ಳೇಗಾಲದಿಂದ ಬೆಂಗಳೂರಿಗೆ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.