ಮನೆವಾರ್ತೆಯ ಮಿತವ್ಯಯ

ಮಿತವ್ಯಯವೆಂಬುದು ಎಲ್ಲರೂ ಹೊಗಳುವ, ಆದರೆ ಕೆಲವರಷ್ಟೇ ಆಚರಿಸುವ ಗುಣ. ವೇದಿಕೆಯ ಮೇಲೆ ನಿಂತು ಅದನ್ನು ಕುರಿತು ಉಪನ್ಯಾಸ ಮಾಡುವುದು ಸುಲಭ. ಒಲೆಯ ಮುಂದೆ, ದೀಪದ ಕೆಳಗೆ, ನೀರಿನ ತೊಟ್ಟಿಯ ಬಳಿ ದಿನದಿನವೂ ಅದನ್ನು ನಡೆಸಿಕೊಂಡು ಬರುವುದು ಕಷ್ಟ. ‘ಹನಿಹನಿ ಗೂಡಿದರೆ ಹಳ್ಳ, ತೆನೆತೆನೆ ಗೂಡಿದರೆ ಬಳ್ಳ’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕಂಠಪಾಠ ಮಾಡಿದವರೇ. ಆದರೆ ಆ ಹನಿ ಎಲ್ಲಿಂದ ಬಂದಿತು, ಆ ತೆನೆ ಯಾರ ಪಾಲಿನದು ಎಂದು ವಿಚಾರಿಸುವವರು ವಿರಳ. ಮನೆವಾರ್ತೆಯ ಉಳಿತಾಯವನ್ನು ಕುರಿತು ಬರೆಯುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂಬುದು ನನ್ನ ಅಭಿಪ್ರಾಯ.

ನಮ್ಮ ತಾಯಿಯವರು ಬಹು ಹಿಡಿತದ ಹೆಣ್ಣುಮಗಳೆಂದು ಊರಿನಲ್ಲಿ ಹೆಸರಾಗಿದ್ದರು. ಅಡುಗೆಗೆ ಅಕ್ಕಿಯನ್ನು ಅಳೆದುಕೊಂಡ ಮೇಲೆ ಅದರಿಂದ ಒಂದು ಹಿಡಿಯನ್ನು ತೆಗೆದು ಬೇರೊಂದು ಗಡಿಗೆಯಲ್ಲಿ ಹಾಕುತ್ತಿದ್ದರು. ವರ್ಷದ ತೊಗರಿಬೇಳೆಗೆ ಹರಳೆಣ್ಣೆ ಸವರಿ, ಬಿಸಿಲಿಗೆ ಒಣಗಿಸಿ, ಬೇವಿನ ಎಲೆಯೊಡನೆ ತುಂಬಿಡುತ್ತಿದ್ದರು. ಹರಿದ ಸೀರೆಗಳು ಬೇಸಿಗೆಯಲ್ಲಿ ಕೌದಿಯಾಗುತ್ತಿದ್ದವು. ಅಕ್ಕಿ ತೊಳೆದ ನೀರು ಎಮ್ಮೆಯ ಕಲಗಚ್ಚಿಗೆ ಸೇರುತ್ತಿತ್ತು. ಮಿಕ್ಕ ರೊಟ್ಟಿಯನ್ನು ಒಣಗಿಸಿ ಕಟಕ ರೊಟ್ಟಿ ಮಾಡಿ ಇಡುತ್ತಿದ್ದರು. ಇವೆಲ್ಲವೂ ಈ ಸಂಚಿಕೆಯ ಅನೇಕ ಓದುಗರು ತಮ್ಮ ಮನೆಗಳಲ್ಲಿ ಕಂಡಿರುವ ಸಂಗತಿಗಳೇ.

ನಾನು ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದಾಗ ಒಮ್ಮೆ ರಜೆಗೆಂದು ಊರಿಗೆ ಹೋಗಿದ್ದೆ. ಎಮ್ಮೆಯ ಹಾಲಿನಲ್ಲಿ ಮಾರಿ ಉಳಿದದ್ದು ನಮ್ಮ ಪಾಲಿನದು. ನಾವೆಲ್ಲರೂ ಉಂಡು ಎದ್ದ ಮೇಲೆ ನೀರು ಕುಡಿಯಲೆಂದು ಅಡುಗೆಮನೆಗೆ ಹೋದರೆ, ತಾಯಿಯವರು ಕಟಕ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಖಾರದೊಡನೆ ಉಣ್ಣುತ್ತಿದ್ದರು. ಹಾಲೇಕೆ ಹಾಕಿಕೊಳ್ಳಲಿಲ್ಲವೆಂದು ಕೇಳಿದ್ದಕ್ಕೆ “ನನಗ ಹಾಲು ಸೇರೂದಿಲ್ಲೋ ತಮ್ಮಾ” ಎಂದರು. ನಾನು ಅದನ್ನು ನಂಬಿದೆ. ಅನೇಕ ವರ್ಷ ನಂಬಿದ್ದೆ. ನನಗೆ ನೌಕರಿ ದೊರೆತು, ಮನೆಯಲ್ಲಿ ಹಾಲಿಗೆ ಕೊರತೆಯಿಲ್ಲದಂತಾದ ಮೇಲೆ, ಅವರು ಪ್ರತಿ ರಾತ್ರಿ ಒಂದು ಬಟ್ಟಲು ಹಾಲನ್ನು ಸಂತೋಷದಿಂದ ಕುಡಿಯುವುದನ್ನು ಕಂಡಾಗ ನನ್ನ ನಂಬಿಕೆಯ ಬೆಲೆ ಎಷ್ಟೆಂಬುದು ತಿಳಿಯಿತು. ಊರವರು ಹೊಗಳುತ್ತಿದ್ದ ಆ ಉಳಿತಾಯದಲ್ಲಿ ಒಂದು ಭಾಗ ಜಾಣ್ಮೆಯದು. ಇನ್ನೊಂದು ಭಾಗ ಹಸಿವಿನದು.

ಆದುದರಿಂದ ಉಳಿತಾಯದಲ್ಲಿ ಎರಡು ಬಗೆಗಳನ್ನು ನಾವು ಸ್ಪಷ್ಟವಾಗಿ ಗುರುತಿಸಬೇಕು. ವ್ಯರ್ಥವಾಗಿ ಹೋಗುವುದನ್ನು ತಡೆದು ಉಳಿಸುವುದು ಒಂದು. ಮನೆಯಲ್ಲಿ ಒಬ್ಬರಿಗೆ ಸಲ್ಲಬೇಕಾದುದನ್ನು ತಡೆದು ಉಳಿಸುವುದು ಮತ್ತೊಂದು. ಮೊದಲನೆಯದು ಮಿತವ್ಯಯ. ಎರಡನೆಯದು ಅನ್ಯಾಯ, ಅದನ್ನು ತಾಯಿ ತಾನಾಗಿಯೇ ನಗುತ್ತ ಒಪ್ಪಿಕೊಂಡರೂ ಅನ್ಯಾಯವೇ. ೨೦೧೯–೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೪೯ ವರ್ಷದ ಮಹಿಳೆಯರಲ್ಲಿ ಶೇಕಡಾ ೫೭ ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಅದೇ ವಯಸ್ಸಿನ ಪುರುಷರಲ್ಲಿ ಈ ಪ್ರಮಾಣ ಶೇಕಡಾ ೨೫. ಇದಕ್ಕೆ ಕಾರಣಗಳು ಹಲವು. ಆದರೆ ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಪದ್ಧತಿಯೂ ಅವುಗಳಲ್ಲಿ ಒಂದೆಂಬುದನ್ನು ಯಾರು ಅಲ್ಲಗಳೆಯಬಲ್ಲರು?

ಹಾಗಾದರೆ ಯಾರ ಪಾಲನ್ನೂ ಕಸಿಯದೆ ಉಳಿಸಲು ಮನೆಯಲ್ಲಿ ಅವಕಾಶವಿದೆಯೇ? ಧಾರಾಳವಾಗಿದೆ. ಮೊದಲು ಒಲೆಯನ್ನೇ ನೋಡೋಣ. ನೀರು ಒಮ್ಮೆ ಕುದಿಯಲಾರಂಭಿಸಿದ ಮೇಲೆ, ತೆರೆದ ಪಾತ್ರೆಯಲ್ಲಿ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಹೆಚ್ಚುವುದಿಲ್ಲ. ಹೆಚ್ಚಿನ ಉರಿ ಆವಿಯಾಗಿ ಹೋಗುತ್ತದೆಯೇ ಹೊರತು ಬೇಳೆಯನ್ನು ಬೇಗ ಬೇಯಿಸುವುದಿಲ್ಲ. ವಿಜ್ಞಾನದ ಪಾಠದಲ್ಲಿ ನಾವೇ ಮಕ್ಕಳಿಗೆ ಹೇಳಿಕೊಡುವ ಈ ನಿಯಮ ನಮ್ಮ ಅಡುಗೆಮನೆಯನ್ನು ಇನ್ನೂ ಪ್ರವೇಶಿಸಿಲ್ಲ. ಕುದಿ ಬಂದೊಡನೆ ಉರಿಯನ್ನು ತಗ್ಗಿಸುವುದು, ಪಾತ್ರೆಗೆ ಮುಚ್ಚಳವಿಡುವುದು, ಕಾಳುಗಳನ್ನು ಹಿಂದಿನ ರಾತ್ರಿಯೇ ನೆನೆಹಾಕುವುದು, ಕುಕ್ಕರಿನ ಬಟ್ಟಲುಗಳಲ್ಲಿ ಅನ್ನ ಬೇಳೆಗಳನ್ನು ಒಟ್ಟಿಗೆ ಬೇಯಿಸುವುದು, ಜ್ವಾಲೆ ನೀಲಿ ಬಣ್ಣ ಬಿಟ್ಟು ಹಳದಿಗೆ ತಿರುಗಿದರೆ ಬರ್ನರನ್ನು ಶುಚಿಗೊಳಿಸುವುದು ಇವು ಕಾಸಿನ ಖರ್ಚಿಲ್ಲದ ಉಪಾಯಗಳು. ಕಟ್ಟಿಗೆಯ ಒಲೆಯ ಮನೆಗಳಿಗೂ ಇಂಥ ಉಪಾಯವಿಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ರೂಪಿಸಿದ ‘ಅಸ್ತ್ರ ಒಲೆ’ ಕಡಿಮೆ ಸೌದೆಯಲ್ಲಿ ಅಡುಗೆಯನ್ನು ಮುಗಿಸುವುದಲ್ಲದೆ ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಸಾಗಿಸುತ್ತಿತ್ತು. ಸೌದೆಯನ್ನೂ ಉಳಿಸಿ, ಒಲೆಯ ಮುಂದೆ ಕುಳಿತವಳ ಕಣ್ಣು ಶ್ವಾಸಕೋಶಗಳನ್ನೂ ಉಳಿಸುವ ಇಂಥದ್ದೇ ನಿಜವಾದ ಮಿತವ್ಯಯಕ್ಕೆ ಮಾದರಿ.

ಇನ್ನು ವಿದ್ಯುತ್ತು. ೬೦ ವ್ಯಾಟಿನ ಹಳೆಯ ಬುರುಡೆಯ ಬದಲು ೯ ವ್ಯಾಟಿನ ಎಲ್‌ಇಡಿ ದೀಪವನ್ನು ಹಾಕಿ ದಿನಕ್ಕೆ ೫ ಗಂಟೆ ಉರಿಸಿದರೆ, ತಿಂಗಳಿಗೆ ಏಳೂವರೆ ಯೂನಿಟ್‌ಗಿಂತ ಹೆಚ್ಚು ಉಳಿಯುತ್ತದೆ. ೭೫ ವ್ಯಾಟಿನ ಪಂಖದ ಸ್ಥಾನದಲ್ಲಿ ೩೦ ವ್ಯಾಟಿನ ಹೊಸ ಬಗೆಯ ಪಂಖ ದಿನಕ್ಕೆ ೧೦ ಗಂಟೆ ತಿರುಗಿದರೆ ಉಳಿಯುವುದು ಹದಿಮೂರೂವರೆ ಯೂನಿಟ್. ೨೦೦೦ ವ್ಯಾಟಿನ ಗೀಸರನ್ನು ಮರೆತು ಅರ್ಧ ಗಂಟೆ ಬಿಟ್ಟರೆ ಒಂದು ಯೂನಿಟ್ ವ್ಯರ್ಥವಾಗಬಹುದು. ಈ ಲೆಕ್ಕಗಳು ಐದನೆಯ ತರಗತಿಯ ಗಣಿತಕ್ಕಿಂತ ಕಠಿಣವಲ್ಲ. ಮನೆಯ ಮೀಟರನ್ನು ಓದಿ ಬರೆದುಕೊಂಡು ಬರುವಂತೆ ಶಿಕ್ಷಕರು ಮಕ್ಕಳಿಗೆ ಹೇಳಿದರೆ ಗಣಿತದ ಪಾಠವೂ ಆಯಿತು, ಮನೆಗೆ ಉಪಕಾರವೂ ಆಯಿತು.

‘ವಿದ್ಯುತ್ತು ಉಚಿತವಾಗಿ ದೊರೆಯುವಾಗ ಉಳಿಸುವುದೇಕೆ?’ ಎಂದು ಕೆಲವರು ಕೇಳುತ್ತಾರೆ. ೨೦೨೩ರಲ್ಲಿ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾದಾಗ, ತಿಂಗಳಿಗೆ ೨೦೦ ಯೂನಿಟ್‌ಗಳ ಮಿತಿಯೊಳಗೆ, ಆಯಾ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ ೧೦ನ್ನು ಸೇರಿಸಿ ಉಚಿತ ಪ್ರಮಾಣವನ್ನು ಗೊತ್ತುಪಡಿಸಲಾಯಿತು. ಅಂದರೆ ಉಚಿತವೆಂಬುದಕ್ಕೂ ಒಂದು ಅಳತೆಯುಂಟು. ಅಲ್ಲದೆ, ನಾವು ಬೆಲೆ ಕೊಡದಿದ್ದರೆ ಮತ್ತೊಬ್ಬರು ಕೊಡುತ್ತಿರುತ್ತಾರೆ ಎಂಬುದನ್ನು ವಿದ್ಯಾವಂತರಾದವರು ಮರೆಯಲಾಗದು.

ನೀರಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ರಾತ್ರಿ ಒಂದು ಕೊಡವನ್ನಿಟ್ಟು ಬೆಳಗ್ಗೆ ನೋಡಿದರೆ ಉಪದೇಶದ ಅಗತ್ಯವೇ ಇರುವುದಿಲ್ಲ. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ೧ ಮಿಲಿಮೀಟರ್ ಮಳೆ ಬಿದ್ದರೆ ಅದು ನೂರು ಲೀಟರು ನೀರು. ೨೦ ಮಿಲಿಮೀಟರ್ ಬಿದ್ದರೆ ಎರಡು ಸಾವಿರ ಲೀಟರು. ಬೇಸಿಗೆಯಲ್ಲಿ ಹಣ ಕೊಟ್ಟು ಟ್ಯಾಂಕರಿನ ನೀರನ್ನು ತರಿಸುವ ಮನೆಯವರೇ ಮಳೆಗಾಲದಲ್ಲಿ ಆ ನೀರನ್ನು ಚರಂಡಿಗೆ ಬಿಡುತ್ತಿರುವುದು ವಿಷಾದಕರ. ದೂರದಿಂದ ನೀರು ಹೊರುವ ಊರುಗಳಲ್ಲಿ ಆ ಕೊಡ ಏರುವುದು ಯಾರ ಸೊಂಟದ ಮೇಲೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಟು ಸತ್ಯವನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಒಲೆ, ದೀಪ, ನೀರುಗಳಲ್ಲಿ ಗೃಹಿಣಿ ವರ್ಷವಿಡೀ ಕೂಡಿಸಿದ್ದನ್ನು ಯಜಮಾನನು ಒಂದು ದಿನದ ಆಡಂಬರದಲ್ಲಿ ಕಳೆಯುವುದುಂಟು. ಮಗಳ ಮದುವೆಗೆಂದು ೩ ಲಕ್ಷ ರೂಪಾಯಿಗಳನ್ನು ನೂರಕ್ಕೆ ತಿಂಗಳಿಗೆ ೨ ರೂಪಾಯಿ ಬಡ್ಡಿಯಂತೆ ಸಾಲ ತಂದರೆ ತಿಂಗಳ ಬಡ್ಡಿಯೇ ೬ ಸಾವಿರ, ವರ್ಷಕ್ಕೆ ೭೨ ಸಾವಿರ. ಯಾವ ಕುಕ್ಕರು, ಯಾವ ದೀಪ ಇದನ್ನು ತುಂಬಿಕೊಟ್ಟೀತು? ಆ ಬಡ್ಡಿಯನ್ನು ತೀರಿಸುವುದಕ್ಕಾಗಿ ಮತ್ತೆ ಹಾಲು ಕಡಿಮೆಯಾಗುತ್ತದೆ, ವೈದ್ಯರ ಬಳಿಗೆ ಹೋಗುವುದು ಮುಂದಕ್ಕೆ ಹೋಗುತ್ತದೆ, ಕಿರಿಯ ಮಗಳನ್ನು ಶಾಲೆ ಬಿಡಿಸುವ ಮಾತು ಬರುತ್ತದೆ. ಧರ್ಮಸ್ಥಳದಲ್ಲಿ ೧೯೭೨ರಲ್ಲಿ ಸಾಮೂಹಿಕ ವಿವಾಹಗಳು ಆರಂಭವಾದವು. ನಾಡಿನ ಅನೇಕ ಮಠಗಳೂ ಇಂಥ ವಿವಾಹಗಳನ್ನು ನಡೆಸಿಕೊಂಡು ಬಂದಿವೆ. ಆದರೆ ಅವು ಬಡವರಿಗೆ ಮಾತ್ರ ಎಂಬ ಭಾವನೆ ಉಳ್ಳವರಲ್ಲಿ ಬೇರೂರಿದೆ. ಉಳ್ಳವರು ಸರಳವಾಗಿ ಮದುವೆ ಮಾಡಿದರೆ ಇಲ್ಲದವರು ಸಾಲ ಮಾಡಿ ಅವರನ್ನು ಅನುಕರಿಸುವ ಪ್ರಮೇಯ ತಪ್ಪುತ್ತದೆ. ಈ ದೃಷ್ಟಿಯಿಂದ ಶ್ರೀಮಂತನ ಮಿತವ್ಯಯ ಅವನ ಮನೆಗಷ್ಟೇ ಅಲ್ಲ, ನೆರೆಮನೆಗೂ ಉಳಿತಾಯ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ನಮಗೆಲ್ಲರಿಗೂ ತಿಳಿದುದೇ. ಗಂಡನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದವಳು ಲಕ್ಕಮ್ಮ. ಈ ಕಥೆಯಿಂದ ನಾವು ಸಾಮಾನ್ಯವಾಗಿ ತೆಗೆಯುವ ನೀತಿ, ಅತಿಯಾಸೆ ಸಲ್ಲದು ಎಂಬುದು. ನನಗೆ ಅದರಲ್ಲಿ ಇನ್ನೊಂದು ನೀತಿಯೂ ಕಾಣುತ್ತದೆ. ಮನೆಗೆ ಎಷ್ಟು ಬೇಕು, ಎಷ್ಟು ಸಾಕು ಎಂಬುದನ್ನು ನಿರ್ಣಯಿಸುವಲ್ಲಿ ಹೆಂಡತಿಯ ಮಾತು ನಡೆಯಿತು. ಗಂಡನು ಅದನ್ನು ಕೇಳಿದನು. ಇಂದು ನಮ್ಮ ಎಷ್ಟು ಮನೆಗಳಲ್ಲಿ ಸಾಲದ ಕಾಗದಕ್ಕೆ ರುಜು ಹಾಕುವ ಮುನ್ನ ಒಲೆಯ ಮುಂದಿರುವವಳನ್ನು ಕೇಳುವ ರೂಢಿಯಿದೆ?

ಅದಕ್ಕಾಗಿ ನನ್ನದೊಂದು ಸೂಚನೆ. ಪ್ರತಿ ಮನೆಯಲ್ಲಿ ಖರ್ಚುವೆಚ್ಚದ ಒಂದು ಪುಸ್ತಕವಿರಲಿ. ತಿಂಗಳಿಗೊಮ್ಮೆ ಗಂಡ, ಹೆಂಡತಿ, ತಿಳಿವಳಿಕೆ ಬಂದ ಮಕ್ಕಳು, ಹಿರಿಯರು ಒಟ್ಟಿಗೆ ಕುಳಿತು ಅದನ್ನು ಓದಲಿ. ಅಕ್ಕಿ ಬೇಳೆಗಳಷ್ಟೇ ಅಲ್ಲ, ಯಜಮಾನನ ಚಹ, ಅಡಕೆ, ತಂಬಾಕು, ಮೊಬೈಲು, ಕೈಗಡಗಳೂ ಅದರಲ್ಲಿ ದಾಖಲಾಗಲಿ. ಏನನ್ನಾದರೂ ಕಡಿಮೆ ಮಾಡಬೇಕೆಂದು ತೀರ್ಮಾನಿಸುವಾಗ ‘ಇದು ವ್ಯರ್ಥವಾಗುತ್ತಿತ್ತೇ, ಅಥವಾ ಒಬ್ಬರ ಪಾಲೇ?’ ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಲಿ. ಮತ್ತೆ ಅಂದಿನ ರಾತ್ರಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿ. ಅಡುಗೆ ಮಾಡಿದವರೂ ಆ ಪಂಕ್ತಿಯಲ್ಲಿರಲಿ. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಬಾರದೆಂದು ಪ್ರಸಾದ ನಿಲಯದಲ್ಲಿ ನಾವು ಕಲಿತೆವು. ಮನೆಯಲ್ಲಿ ಒಂದು ತಟ್ಟೆಯೂ ಬರಿದಾಗಿರಬಾರದೆಂಬುದು ಅದರ ಇನ್ನೊಂದು ಮುಖ. ಈ ಎರಡೂ ಸೇರಿದರೆ ಮಾತ್ರ ಮನೆವಾರ್ತೆಯ ಮಿತವ್ಯಯ ಪೂರ್ಣವಾಗುತ್ತದೆ.