ಬಾಡಿಗೆ ಇಳಿದರೂ ಕಂತು ಇಳಿಯದು
ವ್ಯಾಪಾರ ಕುಸಿದಾಗ ಮುಂಬೈ ಸುತ್ತಲಿನ ಸರಕು ಸಾಗಣೆ ಕೇಂದ್ರಗಳಾದ ಕಳಂಬೋಲಿ, ಭಿವಂಡಿ, ನ್ಹಾವಾ ಶೇವಾಗಳಲ್ಲಿ ಮೊದಲು ಸೊರಗುವವನು ಒಂದೇ ಲಾರಿಯ ಮಾಲೀಕ-ಚಾಲಕ. ಲೋಡು ಕಡಿಮೆಯಾದರೆ ಬಾಡಿಗೆ ಇಳಿಯುತ್ತದೆ. ಸಾಲದ ಕಂತು, ವಿಮೆ, ಪರ್ಮಿಟ್ ಶುಲ್ಕ ಇದ್ದಲ್ಲೇ ಇರುತ್ತವೆ. ಡೀಸೆಲ್ ಖರ್ಚು ಗಿಟ್ಟಿದರೆ ಸಾಕೆಂದು ಅವನು ಒಪ್ಪುವ ದರವೇ ಮರುದಿನ ಎಲ್ಲರ ದರ. ಲಾರಿಗಳೇ ಹೆಚ್ಚಾಗಿವೆ, ಕೆಲವರು ಹೊರಬೀಳಲಿ ಎನ್ನುವವರಿದ್ದಾರೆ. ವಾದದಲ್ಲಿ ಸತ್ಯಾಂಶವಿದೆ; ಆದರೆ ಕೈಯಲ್ಲಿ ಎರಡು ಕಂತಿನ ಹಣವಿಲ್ಲದ ನುರಿತ ಚಾಲಕನೇ ಮೊದಲು ಹೊರಬೀಳುತ್ತಾನೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ, ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತಲ್ಲ ಎನ್ನಬಹುದು. ಲಾರಿ ನಿಂತಿತ್ತು, ಕಂತೂ ನಿಂತಿತ್ತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು! ಅದಕ್ಕಿಂತ, ಬಾಡಿಗೆ ಬಾಕಿ ಉಳಿಸಿಕೊಳ್ಳುವ ದಲ್ಲಾಳಿಗಳಿಗೂ ಕಂಪನಿಗಳಿಗೂ ಪಾವತಿಯ ಗಡುವು ವಿಧಿಸಿದರೆ ಸರ್ಕಾರದ ಬೊಕ್ಕಸಕ್ಕೆ ಹೊರೆಯಾಗದೆ ಚಾಲಕನಿಗೆ ಉಸಿರಾಡಲು ಜಾಗ ಸಿಕ್ಕೀತು.