ನೋವು ನಿಂತಿತೆಂದು ಗೌಟ್ ಹೋಗಿಲ್ಲ

ಬಕ್ರೀದ್ ಕಳೆದು ಎರಡು ದಿನವಾಗಿರುತ್ತದೆ. ಮಧ್ಯರಾತ್ರಿ ಮನೆಯ ಹಿರಿಯರೊಬ್ಬರ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂಥ ನೋವು. ಫಜ್ರ್ ನಮಾಜಿಗೆ ನಿಲ್ಲಲೂ ಆಗದು. ಅರಸೀಕೆರೆಯಂಥ ನಮ್ಮ ಊರುಗಳಲ್ಲಿ ಇದನ್ನು ವಾಯು ಎಂದೋ ಉಳುಕು ಎಂದೋ ತಿಳಿದು ನೋವಿನ ಮಾತ್ರೆ ತರಿಸುತ್ತೇವೆ. ವಾರದಲ್ಲಿ ನೋವು ಇಳಿಯುತ್ತದೆ, ನಾವೂ ಮರೆಯುತ್ತೇವೆ. ನನ್ನ ಪ್ರಕಾರ ದೊಡ್ಡ ತಪ್ಪು ಹಬ್ಬದ ಊಟವಲ್ಲ, ಈ ಮರೆವು.

ಯೂನಾನಿ ಹಕೀಮರು ನಿಖ್ರಿಸ್ ಎಂದು ಕರೆದು ಸುರಂಜಾನ್ ಗೆಡ್ಡೆ ಕೊಡುತ್ತ ಬಂದ ಕಾಯಿಲೆಯೇ ಗೌಟ್. ಅದೇ ಜಾತಿಯ ಗಿಡದಿಂದ 1820ರಲ್ಲಿ ಬೇರ್ಪಡಿಸಿದ ಕೋಲ್ಚಿಸಿನ್ ಅನ್ನು ಇಂದಿನ ವೈದ್ಯರೂ ಬರೆಯುತ್ತಾರೆ. ಪ್ರಮಾಣ ಮೀರಿದರೆ ಅದು ವಿಷ, ಸ್ವಂತವಾಗಿ ತೆಗೆದುಕೊಳ್ಳಬಾರದು. ಅದು ನೋವು ಇಳಿಸುತ್ತದೆ, ಯೂರಿಕ್ ಆಮ್ಲವನ್ನು ಇಳಿಸುವುದಿಲ್ಲ.

ಮೂತ್ರಪಿಂಡಗಳು ಯೂರಿಕ್ ಆಮ್ಲವನ್ನು ಸಾಕಷ್ಟು ಹೊರಹಾಕದಿದ್ದಾಗ ಅದು ಕೀಲುಗಳಲ್ಲಿ ಸೂಜಿಯಂಥ ಹರಳುಗಳಾಗಿ ಕೂರುತ್ತದೆ. ನೋವು ಹೋದರೂ ಹರಳು ಅಲ್ಲೇ ಇರುತ್ತದೆ. ಅದು ಕರಗಲು 100 ಮಿ.ಲೀ. ರಕ್ತದಲ್ಲಿ ಯೂರಿಕ್ ಆಮ್ಲ 6 ಮಿ.ಗ್ರಾಂ.ಗಿಂತ ಕೆಳಗಿರಬೇಕು. ಪದೇ ಪದೇ ನೋವು ಬರುವವರಿಗೆ ವೈದ್ಯರು ಇದಕ್ಕಾಗಿ ಅಲೋಪ್ಯೂರಿನಾಲ್‌ನಂಥ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ಏರಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ನೋವು ಮರುಕಳಿಸಬಹುದು, ಹೆದರಿ ಬಿಡಬಾರದು. ಮೈಮೇಲೆ ದದ್ದು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

“ದಿನವೂ ಮಾತ್ರೆಯೇ?” ಎನ್ನುವವರಿದ್ದಾರೆ. ಬಿಪಿ, ಶುಗರ್‌ಗೆ ನುಂಗುವುದಿಲ್ಲವೇ? ನೋವಿನ ಮಾತ್ರೆಯನ್ನೇ ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡವೇ ಕೆಡಬಹುದು. ಹಾಗೆಂದು ವರದಿಯಲ್ಲಿ ಯೂರಿಕ್ ಆಮ್ಲ ಹೆಚ್ಚಿದೆ ಎಂದ ಮಾತ್ರಕ್ಕೆ, ಎಂದೂ ನೋವು ಬಾರದವರಿಗೆ ಸಾಮಾನ್ಯವಾಗಿ ಔಷಧಿ ಬೇಕಾಗುವುದಿಲ್ಲ.

ಊಟದ ಹಿಡಿತವೂ ಬೇಕು, ಆದರೆ ಅದೊಂದರಿಂದ ಇಳಿಯುವುದು ಸ್ವಲ್ಪವೇ. ಗೌಟ್ ಇರುವವರು ಕುರ್ಬಾನಿಯ ಕಲೇಜಿ, ಗುರ್ದಾ, ಭೇಜಾ ಬಿಡಲಿ. ಮಾಂಸ ಮಿತವಾಗಿರಲಿ, ಹಂಚುವ ಪಾಲು ಹೆಚ್ಚಾಗಲಿ. ಬಾಟಲಿಯ ಸಿಹಿ ಪಾನೀಯದ ಬದಲು ಮಜ್ಜಿಗೆ ಇರಲಿ. ಬೇಳೆ, ಸೊಪ್ಪು ಬಿಡಬೇಕಿಲ್ಲ. ನಮ್ಮ ಬಿಸಿಲಲ್ಲಿ ಹೊಲಕ್ಕೆ ಹೋಗುವವರು ನೀರು ಮರೆಯಬಾರದು. ರಮಝಾನಿನಲ್ಲಿ ಇಫ್ತಾರಿನಿಂದ ಸಹರಿಯವರೆಗೆ ಆಗಾಗ ಕುಡಿಯಬೇಕು. ಮಾತ್ರೆಯ ಹೊತ್ತನ್ನು ಉಪವಾಸಕ್ಕೆ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ನೋವಿದ್ದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಸರಿಯಾಗಿಯೇ ಕಾಣಬಹುದು. ಆದ್ದರಿಂದ ನೋವು ನಿಂತು ಎರಡು ವಾರವಾದ ಮೇಲೆ ಹರಪನಹಳ್ಳಿಗೋ ದಾವಣಗೆರೆಗೋ ಹೋಗಿ ಮತ್ತೆ ಪರೀಕ್ಷೆ ಮಾಡಿಸಿ. ಕೀಲು ಊದಿ ಜ್ವರವೂ ಬಂದರೆ ಅಂದೇ ಹೊರಡಿ. ಆರೋಗ್ಯ ಅಲ್ಲಾಹನ ಅಮಾನತ್ತು. ಅದರ ಲೆಕ್ಕವನ್ನು ನೋವಿಲ್ಲದ ದಿನವೂ ಇಡಬೇಕು.